ಮಲೆನಾಡಿನಲ್ಲಿ ಫೈಬರ್ ಕೇಬಲ್ ಎಳೆಯುವುದು, ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಮನೆಯವರು, ಊರಿಗೆ ಲೈನ್ ಎಳೆಯುವ ಕೇಬಲ್ ಆಪರೇಟರುಗಳು, ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. 2020ರಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ ಸೀಮೆ ಇದು. ಟವರ್ ಸಿಗ್ನಲ್ ತಲುಪದ ಕಣಿವೆಗೂ ಗಾಜಿನ ಎಳೆ ತಲುಪುತ್ತದೆ. ಆದರೆ ಎಳೆದವರು ಸರಿಯಾಗಿ ಎಳೆದಿರಬೇಕು, ಜೋಡಿಸಿದವರು ಸರಿಯಾಗಿ ಜೋಡಿಸಿರಬೇಕು.

ನಮ್ಮದು ಒಂಟಿ ಮನೆ, ಪೇಟೆಯಿಂದ 14 ಕಿ.ಮೀ. ದೂರ. ಅಷ್ಟು ದೂರಕ್ಕೆ ಸಿಗ್ನಲ್ ಬರುತ್ತದೆಯೇ?

ಧಾರಾಳವಾಗಿ ಬರುತ್ತದೆ. 1966ರಲ್ಲಿ ಚಾರ್ಲ್ಸ್ ಕಾವ್ ಅವರು ಕಿಲೋಮೀಟರಿಗೆ 20 ಡಿಬಿಗಿಂತ (ಡೆಸಿಬೆಲ್, ಬೆಳಕು ಎಷ್ಟು ಕುಗ್ಗಿತು ಎಂಬ ಅಳತೆ) ಕಡಿಮೆ ನಷ್ಟವಾಗುವ ಗಾಜು ಸಾಧ್ಯ ಎಂದು ಲೆಕ್ಕ ಹಾಕಿ ತೋರಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿ ಅಂಥ ಎಳೆಯನ್ನು ಮಾಡಿಯೇಬಿಟ್ಟಿತು. ಇಂದಿನ ಸಿಂಗಲ್ ಮೋಡ್ (ಬೆಳಕಿಗೆ ಒಂದೇ ದಾರಿಯಿರುವ) ಎಳೆಯಲ್ಲಿ 1310 ನ್ಯಾನೋಮೀಟರ್ ತರಂಗದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡಿಬಿ, 1550ಕ್ಕೆ ಸುಮಾರು 0.2 ಡಿಬಿ ಮಾತ್ರ ನಷ್ಟ. ನಿಮ್ಮ 14 ಕಿಲೋಮೀಟರಿಗೆ ಹೆಚ್ಚೆಂದರೆ 5 ಡಿಬಿ ಹೋದೀತು. ಒಂದೇ ಎಳೆಯ ಬೆಳಕನ್ನು ಒಡೆದು ಮನೆಮನೆಗೆ ಕೊಡುವ ಜಿಪಾನ್ ಎಂಬ ವ್ಯವಸ್ಥೆಯನ್ನು 20 ಕಿ.ಮೀ. ದೂರಕ್ಕೆಂದೇ ರೂಪಿಸಿದ್ದಾರೆ.

ನಮ್ಮ ಕಡೆ ಲೈನ್ ಸೋಲುವುದು ಜೋಡಣೆಗಳಲ್ಲಿ. ಧರೆ ಕುಸಿದಾಗ ಒಂದು ಕಟ್, ಮರ ಬಿದ್ದಾಗ ಇನ್ನೊಂದು, ರಸ್ತೆ ಅಗಲ ಮಾಡುವ ಜೆಸಿಬಿಯಿಂದ ಮತ್ತೊಂದು. ಕಟ್ಟಾದ ಕಡೆ ಹೊಸ ತುಂಡು ಸೇರಿಸಿದರೆ ಒಂದು ಕಟ್ಟಿಗೆ ಎರಡು ಜಾಯಿಂಟ್ ಆಗುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಲೈನಿನ ತುಂಬ ಜಾಯಿಂಟುಗಳು. ಅವುಗಳಲ್ಲಿ ಕೊಳೆಯಾದ ಒಂದೇ ಒಂದು ಕನೆಕ್ಟರ್ (ಚುಚ್ಚಿ ಸೇರಿಸುವ ತುದಿ) 1 ಡಿಬಿ ತಿಂದರೂ ಸಾಕು, ಮೂರು ಕಿಲೋಮೀಟರ್ ಕೇಬಲ್ ಹೆಚ್ಚುವರಿಯಾಗಿ ಎಳೆದಷ್ಟು ನಷ್ಟ.

ಡಿಬಿಎಂ ಅಂದರೆ ಏನು? ನಮ್ಮ ಮನೆಯಲ್ಲಿ ಎಷ್ಟಿರಬೇಕು?

ಬೆಳಕಿನ ಬಲದ ಅಳತೆ ಅದು. 0 ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಪ್ರತಿ 3 ಇಳಿದಾಗಲೂ ಬೆಳಕು ಅರ್ಧವಾಗುತ್ತದೆ, 10 ಇಳಿದರೆ ಹತ್ತನೇ ಒಂದು ಭಾಗ ಉಳಿಯುತ್ತದೆ. ಮೈನಸ್ 20 ಅಂದರೆ ಮಿಲಿವ್ಯಾಟಿನ ನೂರನೇ ಒಂದು ಭಾಗ.

ಸಾಮಾನ್ಯವಾಗಿ ಬಳಸುವ ಬಿ ಪ್ಲಸ್ ವರ್ಗದ ಮನೆ ಮೋಡೆಮ್ ಮೈನಸ್ 27 ಡಿಬಿಎಂವರೆಗೆ ಓದಬಲ್ಲದು. ಮೈನಸ್ 8ಕ್ಕಿಂತ ಜೋರಾದ ಬೆಳಕನ್ನೂ ಅದು ತಡೆಯಲಾರದು. ನನ್ನ ಅಭಿಪ್ರಾಯದಲ್ಲಿ ಮೈನಸ್ 25ಕ್ಕಿಂತ ಕೆಳಗಿಳಿದ ಲೈನನ್ನು ಮಲೆನಾಡಿನಲ್ಲಿ ‘ಆಯ್ತು’ ಎಂದು ಒಪ್ಪಿಕೊಳ್ಳಬಾರದು. ಬೇಸಿಗೆಯಲ್ಲಿ ಓಡುವ ಮೈನಸ್ 26ರ ಲೈನು ಆಷಾಢದಲ್ಲಿ ನಿಲ್ಲುತ್ತದೆ.

ಲೆಕ್ಕ ಹೀಗೆ ಹಾಕಿ. ಪೇಟೆಯಲ್ಲಿ ಬೆಳಕು ಕಳಿಸುವ ಮಷೀನಿನಿಂದ ಹೊರಡುವಾಗ ಪ್ಲಸ್ 3 ಇದೆ ಎನ್ನೋಣ. ಮನೆ ಕಡೆ ಬರುವ 1490 ನ್ಯಾನೋಮೀಟರ್ ಬೆಳಕಿಗೆ ಕಿಲೋಮೀಟರಿಗೆ 0.3ರಂತೆ 12 ಕಿ.ಮೀ.ಗೆ 3.6. ದಾರಿಯಲ್ಲಿ ನಾಲ್ಕಾಗಿ ಒಡೆಯುವ ಸ್ಪ್ಲಿಟರಿಗೆ ಸುಮಾರು 7.2, ಊರಿನ ಬಾಕ್ಸಿನಲ್ಲಿ ಎಂಟಾಗಿ ಒಡೆಯುವುದಕ್ಕೆ ಸುಮಾರು 10.5. ಎಂಟು ಸ್ಪ್ಲೈಸಿಗೆ (ಎಳೆಗಳನ್ನು ಕರಗಿಸಿ ಬೆಸೆದ ಜಾಯಿಂಟ್) ತಲಾ 0.1ರಂತೆ 0.8, ನಾಲ್ಕು ಕನೆಕ್ಟರಿಗೆ ತಲಾ 0.4ರಂತೆ 1.6. ಒಟ್ಟು 23.7. ಮನೆಗೆ ಮೈನಸ್ 20.7 ಬರಬೇಕು. ಮೀಟರ್ ಮೈನಸ್ 24 ತೋರಿಸಿದರೆ ದಾರಿಯಲ್ಲಿ ಎಲ್ಲೋ 3 ಡಿಬಿ, ಅಂದರೆ ಅರ್ಧ ಬೆಳಕು, ಅನ್ಯಾಯವಾಗಿ ಸೋರುತ್ತಿದೆ. ‘ನೆಟ್ ಬರ್ತಿದೆಯಲ್ಲ’ ಎಂದು ಅದನ್ನು ಬಿಟ್ಟು ಬರಬೇಡಿ. ಪವರ್ ಮೀಟರನ್ನು 1490ಕ್ಕೆ ಇಟ್ಟು ಅಳೆಯಬೇಕು ಎಂಬುದೂ ನೆನಪಿರಲಿ.

ಜೋಡಿಸುವಾಗ ಅಲೈನ್‌ಮೆಂಟ್ ಅಷ್ಟು ಮುಖ್ಯವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಎಳೆಯ ಹೊರ ಅಳತೆ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಸಾಗುವುದು ಅದರ ನಡುವಿನ ಕೋರಿನಲ್ಲಿ, ಅದು ಬರೀ 9 ಮೈಕ್ರಾನ್ ಆಸುಪಾಸು. ಎರಡು ಎಳೆಗಳ ಕೋರ್ ಒಂದಕ್ಕೊಂದು ನೇರವಾಗಿ ಕೂರಬೇಕು. 1 ಮೈಕ್ರಾನ್ ಪಕ್ಕಕ್ಕೆ ಸರಿದರೆ ಸುಮಾರು 0.2 ಡಿಬಿ ನಷ್ಟ. 2 ಮೈಕ್ರಾನ್ ಸರಿದರೆ 0.4 ಎಂದು ಎಣಿಸಬೇಡಿ, ನಷ್ಟ ವರ್ಗದ ಲೆಕ್ಕದಲ್ಲಿ ಏರುತ್ತದೆ: ಸುಮಾರು 0.8 ಆಗುತ್ತದೆ. ಪಕ್ಕಕ್ಕೆ ಸರಿಯದೆ ಓರೆಯಾದರೂ ಹಾಗೆಯೇ. ಕರಗಿಸದೆ ಬರೀ ತಾಗಿಸಿ ಕೂರಿಸುವ ಜೋಡಣೆಯಲ್ಲಿ ಒಂದು ಡಿಗ್ರಿ ಓರೆಗೆ 0.3 ಡಿಬಿ ಹೋಗುತ್ತದೆ.

ಕಣ್ಣಿಗೆ ಕಾಣದ ಧೂಳಿನ ಕಣ ಕೆಲವು ಮೈಕ್ರಾನ್ ದಪ್ಪವಿರುತ್ತದೆ. ಸ್ಪ್ಲೈಸ್ ಮಾಡುವ ಮಷೀನಿನಲ್ಲಿ ಎಳೆ ಕೂರುವ ವಿ ಆಕಾರದ ತೋಡಿನಲ್ಲಿ, ಎಳೆಯ ಅಡಿಯಲ್ಲಿ ಅಂಥದ್ದೊಂದು ಕೂತರೆ ಎಳೆ ಅಷ್ಟೇ ಮೇಲೇಳುತ್ತದೆ. ಆದ್ದರಿಂದ ಅಲೈನ್‌ಮೆಂಟ್ ಮಷೀನಿನ ಕೆಲಸ ಎಂದು ಕೈಬಿಡುವಂತಿಲ್ಲ, ಅರ್ಧ ಕೆಲಸ ನೀವು ಒರೆಸುವ ಟಿಶ್ಯೂ ಮತ್ತು ಆಲ್ಕೋಹಾಲಿನದು.

ಕೋರ್ ಅಲೈನ್‌ಮೆಂಟ್ ಮಷೀನೇ ಬೇಕೇ? ಕಡಿಮೆ ಬೆಲೆಯದು ಸಾಲದೇ?

ಕಡಿಮೆ ಬೆಲೆಯ ಮಷೀನು ಎಳೆಯ ಹೊರಮೈಯನ್ನು ನೋಡಿ ಜೋಡಿಸುತ್ತದೆ. ಕೋರ್ ಅಲೈನ್‌ಮೆಂಟ್ ಮಷೀನು ಎರಡು ದಿಕ್ಕಿನ ಕ್ಯಾಮೆರಾದಿಂದ ಒಳಗಿನ ಕೋರನ್ನೇ ನೋಡಿ, ಮೋಟಾರಿನಿಂದ ಎಳೆಯನ್ನು ಆಚೀಚೆ, ಮೇಲೆ ಕೆಳಗೆ ಸರಿಸಿ ಕೂರಿಸುತ್ತದೆ. ಇಂದು ಸಾಮಾನ್ಯವಾಗಿ ಬಳಸುವ ಜಿ.652ಡಿ ಎಂಬ ಮಾನದಂಡದ ಎಳೆಯಲ್ಲಿ ಕೋರ್ ನಡುವಿನಿಂದ 0.6 ಮೈಕ್ರಾನಿಗಿಂತ ಹೆಚ್ಚು ಸರಿದಿರಬಾರದು ಎಂಬ ನಿಯಮವಿದೆ. ಹಾಗಾಗಿ ಹೊಸ ಎಳೆಗೆ ಹೊಸ ಎಳೆ ಜೋಡಿಸುವ ಮನೆ ಲೈನಿಗೆ ಸಾಮಾನ್ಯ ಮಷೀನು ಸಾಕು. ಹತ್ತಾರು ಊರಿಗೆ ಹೋಗುವ ಮುಖ್ಯ ಕೇಬಲ್ಲಿಗೆ, ಅದರಲ್ಲೂ ಹಳೆಯ ಕೇಬಲ್ಲಿಗೆ ಹೊಸ ತುಂಡು ಸೇರಿಸುವಾಗ, ಕೋರ್ ಅಲೈನ್‌ಮೆಂಟ್ ಮಷೀನನ್ನು ಬಾಡಿಗೆಗಾದರೂ ತನ್ನಿ.

ಸ್ಪ್ಲೈಸ್ ಮಾಡುವಾಗ ಹೆಚ್ಚಾಗಿ ಎಲ್ಲಿ ತಪ್ಪಾಗುತ್ತದೆ?

ಸ್ಲೀವ್ (ಜಾಯಿಂಟನ್ನು ಕಾಪಾಡುವ ಸಣ್ಣ ಕೊಳವೆ) ಹಾಕಲು ಮರೆಯುವುದು ಮೊದಲನೆಯದು. ಜಾಯಿಂಟ್ ಆದ ಮೇಲೆ ಸ್ಲೀವ್ ತೂರಿಸಲು ದಾರಿಯಿಲ್ಲ, ಮತ್ತೆ ಕತ್ತರಿಸಿಯೇ ಮಾಡಬೇಕು.

ಸಿಪ್ಪೆ ತೆಗೆದ ಎಳೆಯನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ, ನೂಲು ಬಿಡದ ಟಿಶ್ಯೂವಿನಿಂದ ಒರೆಸಿ. ಅಂಗಿಯ ತುದಿ, ಪಂಚೆಯ ತುದಿ ಬೇಡವೇ ಬೇಡ. ಒರೆಸಿ, ಆಮೇಲೆ ಕ್ಲೀವರಿನಲ್ಲಿ (ಎಳೆಯ ತುದಿಯನ್ನು ನೇರವಾಗಿ ಕತ್ತರಿಸುವ ಉಪಕರಣ) ಕತ್ತರಿಸಿ. ಕತ್ತರಿಸಿದ ತುದಿಯನ್ನು ಮತ್ತೆ ಒರೆಸಲೂಬಾರದು, ಎಲ್ಲಿಗೂ ತಾಗಿಸಲೂಬಾರದು. ಬಹಳ ಹುಡುಗರು ಈ ಕ್ರಮವನ್ನು ಅದಲುಬದಲು ಮಾಡುತ್ತಾರೆ. ತುದಿಯ ಓರೆ ಅರ್ಧ ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು, ಒಂದು ಡಿಗ್ರಿ ದಾಟಿದರೆ ಮತ್ತೆ ಕತ್ತರಿಸಿ. ಪದೇ ಪದೇ ಓರೆ ಬರುತ್ತಿದ್ದರೆ ಕ್ಲೀವರಿನ ಬ್ಲೇಡು ಸವೆದಿದೆ. ಬ್ಲೇಡನ್ನು ಒಂದು ಸ್ಥಾನ ತಿರುಗಿಸಿದರೆ ಹೊಸ ಅಲಗು ಸಿಗುತ್ತದೆ.

ಮಷೀನು ಪರದೆಯ ಮೇಲೆ 0.02 ಡಿಬಿ ಎಂದು ತೋರಿಸುವುದು ಚಿತ್ರ ನೋಡಿ ಮಾಡಿದ ಅಂದಾಜು. ಅದು ಬೆಳಕು ಹರಿಸಿ ಅಳೆದದ್ದಲ್ಲ, ನಿಜ ಗೊತ್ತಾಗುವುದು ಬೆಳಕು ಕಳಿಸಿ ಲೈನ್ ಅಳೆಯುವ ಒಟಿಡಿಆರ್ ಮಷೀನು ಹಾಕಿದಾಗಲೇ. ಸರಿಯಾದ ಜಾಯಿಂಟ್ 0.05ರೊಳಗೆ ಬರುತ್ತದೆ, 0.1 ದಾಟಿದರೆ ನಾನು ಮತ್ತೆ ಮಾಡಿಸುತ್ತೇನೆ.

ಬಣ್ಣದ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಿ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಸಂಜೆ ಹೊತ್ತಿನ ಟಾರ್ಚ್ ಬೆಳಕಿನಲ್ಲಿ ಬೂದು ಮತ್ತು ಬಿಳಿ, ಗುಲಾಬಿ ಮತ್ತು ಕಿತ್ತಳೆ ಒಂದೇ ತರಹ ಕಾಣುತ್ತವೆ. ಅಂಥ ಹೊತ್ತಿನಲ್ಲಿ ಇಬ್ಬರು ನೋಡಿ ಜೋಡಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ಸ್ಪ್ಲೈಸ್ ಮಾಡಬಹುದೇ?

ಮಾಡಲೇಬೇಕಾಗುತ್ತದೆ, ಕಟ್ ಆಗುವುದೇ ಆಗ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಹೊಳವಾಗಲಿ ಎಂದು ಕಾದರೆ ನವರಾತ್ರಿಯೇ ಬಂದೀತು.

ಕೆಲಸವನ್ನು ವಾಹನದೊಳಗೆ ಅಥವಾ ಹತ್ತಿರದ ಮನೆಯ ಜಗಲಿಯಲ್ಲಿ ಮಾಡಿ. ಇದಕ್ಕಾಗಿಯೇ ಜಾಯಿಂಟಿನ ಎರಡೂ ಕಡೆ ಹತ್ತಿಪ್ಪತ್ತು ಮೀಟರ್ ಕೇಬಲ್ ಸುತ್ತಿಟ್ಟಿರಬೇಕು. ಸುತ್ತು ಇದ್ದರೆ ಮುಂದಿನ ಕಟ್ಟಿಗೆ ಹೊಸ ತುಂಡು ಸೇರಿಸುವ ಅಗತ್ಯ ಬೀಳದೆ ಒಂದೇ ಜಾಯಿಂಟಿನಲ್ಲಿ ಮುಗಿಯುವ ಸಾಧ್ಯತೆಯೂ ಇದೆ. ಕೇಬಲ್ ಉಳಿಸಿದೆವೆಂದು ಬಿಗಿಯಾಗಿ ಎಳೆದು ಮುಗಿಸಿದವರು ಆಮೇಲೆ ಅದರ ಎರಡರಷ್ಟು ಖರ್ಚು ಮಾಡುತ್ತಾರೆ.

ಆಲ್ಕೋಹಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮುಚ್ಚಳ ತೆರೆದಿಟ್ಟ ಬಾಟಲಿಯಲ್ಲಿ ದಿನ ಕಳೆದಂತೆ ನೀರಿನ ಅಂಶ ಹೆಚ್ಚಾಗಿ, ಒರೆಸಿದ ಮೇಲೆ ಎಳೆಯ ಮೇಲೆ ಕಲೆ ಉಳಿಯುತ್ತದೆ. ಸಣ್ಣ ಬಾಟಲಿ ಇಟ್ಟುಕೊಂಡು ಬೇಗ ಬೇಗ ಬದಲಿಸಿ. ಮಷೀನನ್ನು ತಣ್ಣನೆಯ ಮಂಜಿನಿಂದ ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಚಾಲೂ ಮಾಡಬೇಡಿ, ಲೆನ್ಸಿನ ಮೇಲೆ ಹನಿ ಕಟ್ಟಿರುತ್ತದೆ. ಗಾಳಿಯ ಒತ್ತಡ, ತೇವ, ಚಳಿ ಬದಲಾದಂತೆ ಎಳೆಯನ್ನು ಕರಗಿಸುವ ಕಿಡಿಯ ಬಲವೂ ಬದಲಾಗುತ್ತದೆ. ಶಿವಮೊಗ್ಗದಲ್ಲಿ ಸರಿಯಿದ್ದ ಮಷೀನನ್ನು ಕೊಡಚಾದ್ರಿಯ ಬುಡಕ್ಕೆ ಒಯ್ದರೆ ಅಲ್ಲೇ ಮತ್ತೊಮ್ಮೆ ಆರ್ಕ್ ಕ್ಯಾಲಿಬ್ರೇಶನ್ (ಕಿಡಿಯ ಬಲ ಸರಿಹೊಂದಿಸುವುದು) ಮಾಡಿ, ಎರಡು ನಿಮಿಷದ ಕೆಲಸ.

ಕತ್ತರಿಸಿ ನೀರಿನಲ್ಲಿ ಬಿದ್ದಿದ್ದ ಕೇಬಲ್ ತುದಿಯನ್ನು ಹಾಗೇ ಜೋಡಿಸಬೇಡಿ. ಒದ್ದೆಯಾದಷ್ಟು ಭಾಗವನ್ನು ಕತ್ತರಿಸಿ ಬಿಸಾಡಿ, ಒಣ ಭಾಗದಿಂದ ಶುರು ಮಾಡಿ.

ಹಸಿರು ಕನೆಕ್ಟರಿಗೂ ನೀಲಿ ಕನೆಕ್ಟರಿಗೂ ಏನು ವ್ಯತ್ಯಾಸ?

ಹಸಿರಿನದು ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ಎಪಿಸಿ. ನೀಲಿಯದು ಓರೆಯಿಲ್ಲದ್ದು, ಯುಪಿಸಿ. ಹಸಿರನ್ನು ನೀಲಿಗೆ ಚುಚ್ಚಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ, ವಾಪಸ್ ಪ್ರತಿಫಲಿಸುತ್ತದೆ, ತುದಿಗೂ ಗಾಯವಾಗಬಹುದು. ಸೇರುತ್ತದೆ ಎಂದ ಮಾತ್ರಕ್ಕೆ ಸೇರಿಸಬೇಡಿ.

ಫಾಸ್ಟ್ ಕನೆಕ್ಟರ್ ಸಾಲದೇ? ಮಷೀನು ತರುವ ರಗಳೆಯಿಲ್ಲ.

ತುರ್ತಿಗೆ ಹಾಕಿ, ಆಮೇಲೆ ತೆಗೆಯಿರಿ. ಅದರೊಳಗೆ ಎರಡು ತುದಿ ತಾಗಿಕೊಂಡಿರುತ್ತವೆ, ನಡುವೆ ಜೆಲ್ ಇರುತ್ತದೆ. ಬೇಸಿಗೆಯ ಬಿಸಿ, ಮಳೆಗಾಲದ ತೇವ, ಗಾಳಿಗೆ ಅಲ್ಲಾಡುವ ವೈರು, ಇಷ್ಟೂ ಸೇರಿ ತುದಿಗಳು ಸರಿಯುತ್ತವೆ. ‘ಸಂಜೆಯಾದರೆ ನೆಟ್ ಬರಲ್ಲ, ಬೆಳಗ್ಗೆ ಸರಿಯಿರುತ್ತೆ’ ಎಂಬ ದೂರು ಬಂದರೆ ನಾನು ಮೊದಲು ನೋಡುವುದೇ ಇದನ್ನು. ಪಿಗ್‌ಟೇಲ್ (ಒಂದು ತುದಿಗೆ ಕನೆಕ್ಟರ್ ಕೂರಿಸಿಯೇ ಬರುವ ಎಳೆಯ ತುಂಡು) ಸ್ಪ್ಲೈಸ್ ಮಾಡಿದರೆ ಆ ತಂಟೆ ಇಲ್ಲ.

ನೆಲದಲ್ಲಿ ಹೂಳುವುದು ಒಳ್ಳೆಯದೋ, ಕಂಬದ ಮೇಲೆ ಎಳೆಯುವುದೋ?

ಮುಖ್ಯ ಕೇಬಲ್ ಆದರೆ ಹೂಳುವುದೇ ಸರಿ. ಬಿಎಸ್‌ಎನ್‌ಎಲ್ ಕೇಬಲ್ಲುಗಳಿಗೆ 165 ಸೆಂ.ಮೀ. ಆಳ ರೂಢಿಯಲ್ಲಿದೆ, ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿನೊಳಗೆ ಹೋಗುತ್ತದೆ. ನಮ್ಮಲ್ಲಿ ಸ್ವಲ್ಪ ಅಗೆದರೆ ಜಂಬಿಟ್ಟಿಗೆ ಕಲ್ಲು ಸಿಗುತ್ತದೆ. ಅಷ್ಟು ಆಳ ಹೋಗಲಾಗದ ಕಡೆ ಕಬ್ಬಿಣದ ಪೈಪು, ಮೇಲೆ ಕಾಂಕ್ರೀಟು ಹಾಕಿ ಮುಚ್ಚಿ. ಧರೆಯ ಅಂಚಿನಲ್ಲಿ, ನೀರು ಹರಿಯುವ ಚರಂಡಿಯ ತಳದಲ್ಲಿ ಮಾತ್ರ ಹೂಳಬೇಡಿ. ರಸ್ತೆಯ ಗುಡ್ಡದ ಬದಿಯಲ್ಲಿ ಧರೆ ಕುಸಿಯುತ್ತದೆ, ಕಣಿವೆಯ ಬದಿಯಲ್ಲಿ ಅಂಚೇ ಜಾರುತ್ತದೆ. ಎರಡನ್ನೂ ನಡೆದು ನೋಡಿ, ಊರಿನ ಹಿರಿಯರಲ್ಲಿ ಹಿಂದೆ ಎಲ್ಲಿ ಕುಸಿದಿತ್ತು ಎಂದು ಕೇಳಿ, ಆಮೇಲೆ ಗುರುತು ಹಾಕಿ. ಯಾವ ನಕಾಶೆಯೂ ಅಷ್ಟು ಹೇಳುವುದಿಲ್ಲ.

ಒಂಟಿ ಮನೆಗಳಿಗೆ ಕಂಬವೇ ಗತಿ. ಮೆಸ್ಕಾಂ ಕಂಬಕ್ಕೆ ಅನುಮತಿಯಿಲ್ಲದೆ, ಲೈನ್‌ಮನ್ ಇಲ್ಲದೆ ಕೈ ಹಾಕಬೇಡಿ, ಜೀವದ ವಿಷಯ. ರಸ್ತೆ, ಸರ್ಕಾರಿ ಜಾಗದಲ್ಲಿ ಎಳೆಯಲು 2025ರ ಜನವರಿ 1ರಿಂದ ಹೊಸ ರೈಟ್ ಆಫ್ ವೇ (ಲೈನ್ ಹಾಯಿಸುವ ಹಕ್ಕಿನ) ನಿಯಮಗಳು ಜಾರಿಯಲ್ಲಿವೆ, ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇರೆ ಬೇಕು. ಜೆಸಿಬಿ ತರಿಸುವವರು 2023ರಲ್ಲಿ ಬಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪಿನಲ್ಲಿ ಮೊದಲು ತಿಳಿಸಿದರೆ ಎಷ್ಟೋ ಕಟ್ ತಪ್ಪುತ್ತದೆ.

ಅಡಿಕೆ ತೋಟದ ಮೂಲಕ ಎಳೆಯಬಹುದೇ? ಮರಕ್ಕೇ ಕಟ್ಟಿದರೆ ಕಂಬದ ಖರ್ಚು ಉಳಿಯುತ್ತದಲ್ಲ?

ಮರಕ್ಕೆ ಕಟ್ಟಬೇಡಿ. ಅಡಿಕೆ ಮರ ಗಾಳಿಗೆ ತೊನೆದಾಗಲೆಲ್ಲ ಕೇಬಲ್ ಜಗ್ಗುತ್ತದೆ, ಸಡಿಲವಾಗುತ್ತದೆ. ಒಳಗಿನ ಗಾಜಿನಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ತೇವ ತಾಗಿದಂತೆ ಬೆಳೆದು, ಒಂದು ದಿನ ತುಂಡಾಗುತ್ತದೆ. ಸೋಗೆ, ಹಾಳೆ ಬೀಳುವುದು ದಿನದ ಮಾತು. ಅಡಿಕೆ ಕೊಯ್ಲಿನಲ್ಲಿ ಹಗ್ಗದ ಮೇಲೆ ಗೊನೆ ಜಾರಿ ಬರುವ ದಾರಿಗೂ, ಔಷಧಿ ಹೊಡೆಯುವವರ ಪೈಪಿಗೂ ವೈರು ಅಡ್ಡ. ಬಸಿಗಾಲುವೆಯಲ್ಲಿ ಮಲಗಿಸಿದರೆ ಹೂಳು ತೆಗೆಯುವ ಗುದ್ದಲಿಗೆ ಸಿಕ್ಕುತ್ತದೆ.

ತೋಟದ ಸುತ್ತಿನ ಬೇಲಿಯ ಅಂಚಿನಲ್ಲಿ, ಅಗಳದ ಒಳಬದಿಯಲ್ಲಿ ಪೈಪಿನೊಳಗೆ ಹಾಕಿ ಹೂಳಿ. ದಾರಿ ಇನ್ನೂರು ಮೀಟರ್ ಉದ್ದವಾದರೂ ಬೆಳಕಿಗೆ ಅದು ಲೆಕ್ಕಕ್ಕಿಲ್ಲ, ಡಿಬಿಯಲ್ಲಿ ನೂರನೆಯ ಭಾಗಗಳ ಮಾತು. ಹಳ್ಳ ದಾಟುವಲ್ಲಿ ಸಂಕಕ್ಕೆ ಕಟ್ಟಬೇಡಿ, ನೆರೆ ಬಂದರೆ ಎರಡೂ ಹೋಗುತ್ತವೆ. ಎರಡು ದಡದಲ್ಲಿ ಗಟ್ಟಿ ಕಂಬ ನೆಟ್ಟು ಮೇಲಿನಿಂದ ದಾಟಿಸಿ.

ಕೇಬಲ್ಲನ್ನು ಎಷ್ಟು ಬಗ್ಗಿಸಬಹುದು?

ಎಳೆಯುವಾಗ ಕೇಬಲ್ ದಪ್ಪದ 20 ಪಟ್ಟು, ಕೂರಿಸಿದ ಮೇಲೆ 10 ಪಟ್ಟು ತ್ರಿಜ್ಯಕ್ಕಿಂತ ಸಣ್ಣ ತಿರುವು ಬೇಡ. 12 ಮಿ.ಮೀ. ಕೇಬಲ್ಲಿಗೆ ಎಳೆಯುವಾಗ 24 ಸೆಂ.ಮೀ. ತ್ರಿಜ್ಯ. ಜಾಯಿಂಟ್ ಬಾಕ್ಸಿನ ಟ್ರೇಯಲ್ಲಿ ಸಾಮಾನ್ಯ ಎಳೆಗೆ 3 ಸೆಂ.ಮೀ. ಮನೆಯೊಳಗಿನ, ಹೆಚ್ಚು ಬಾಗಬಲ್ಲ ಜಿ.657ಎ2 ಎಳೆ 7.5 ಮಿ.ಮೀ. ತ್ರಿಜ್ಯವನ್ನೂ ತಡೆಯುತ್ತದೆ. ಹಾಗೆಂದು ಬಾಗಿಲ ಸಂದಿಯಲ್ಲಿ ಸಿಕ್ಕಿಸುವುದು, ಮೊಳೆ ಹೊಡೆದು ಒತ್ತುವುದು ಬೇಡ. ಹೆಂಚಿನ ಮನೆಗಳಲ್ಲಿ ಮಾಡಿನ ಸಂದಿನಿಂದ ವೈರು ಇಳಿಸುವಾಗ ರೀಪಿನ ಚೂಪು ಅಂಚಿಗೆ ತಾಗದಂತೆ ಸಣ್ಣ ಪೈಪಿನ ತುಂಡು ಹಾಕಿ.

ಎಳೆಯುವಾಗ ಹೊರಗಿನ ಸಿಪ್ಪೆಯನ್ನು ಹಿಡಿದು ಜಗ್ಗಬೇಡಿ, ಒಳಗಿನ ಬಲದ ಕಡ್ಡಿಗೆ ಅಥವಾ ನೂಲಿಗೆ ಹಗ್ಗ ಕಟ್ಟಿ. ಉಳಿದ ಕೇಬಲ್ಲನ್ನು ನೆಲದ ಮೇಲೆ ಎಂಟರ ಆಕಾರದಲ್ಲಿ ಸುತ್ತಿಡಿ, ಮುರಿ ಬೀಳುವುದಿಲ್ಲ.

ಮಳೆ ಬಂದ ಕೂಡಲೇ ನೆಟ್ ಹೋಗುವುದೇಕೆ?

ಗಾಜಿನೊಳಗಿನ ಬೆಳಕಿಗೆ ಮಳೆ ತಾಗುವುದಿಲ್ಲ. ಜಾಯಿಂಟ್ ಬಾಕ್ಸಿಗೆ ನೀರು ಹೊಕ್ಕಿರಬೇಕು, ಕೊಂಬೆ ವೈರಿನ ಮೇಲೆ ಬಾಗಿರಬೇಕು, ಅಥವಾ ಪೇಟೆಯ ಮಷೀನಿಗೆ ಕರೆಂಟ್ ಹೋಗಿರಬೇಕು. ಬಾಕ್ಸನ್ನು ಕೇಬಲ್ ಹೊಗುವ ಬಾಯಿ ಕೆಳಗಾಗುವಂತೆ ಕಟ್ಟಿ. ವೈರು ಬಾಕ್ಸಿಗೆ ಹೊಗುವ ಮೊದಲು ಸ್ವಲ್ಪ ಕೆಳಗೆ ಇಳಿದು ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ಬಳಸದ ತೂತುಗಳಿಗೆ ಬಿರಡೆ ಹಾಕಿ, ಇಲ್ಲವಾದರೆ ಇರುವೆ ಗೂಡು ಮಾಡಿ ಮಣ್ಣು ತುಂಬುತ್ತದೆ.

ಕಟ್ ಎಲ್ಲಾಗಿದೆ ಎಂದು ಹುಡುಕುವುದು ಹೇಗೆ?

ಮನೆ ಹತ್ತಿರದ್ದಾದರೆ ಕೆಂಪು ಲೈಟಿನ ಪೆನ್ನು ಸಾಕು, ಒಡೆದ ಕಡೆ ಕೆಂಪಗೆ ಹೊಳೆಯುತ್ತದೆ. ದೂರದ್ದಕ್ಕೆ ಒಟಿಡಿಆರ್ ಬೇಕು. ಅದು ಬೆಳಕಿನ ಮಿಣುಕು ಕಳಿಸಿ, ವಾಪಸ್ ಬರಲು ಹಿಡಿದ ಹೊತ್ತಿನಿಂದ ದೂರ ಹೇಳುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಒಂದು ಕಿಲೋಮೀಟರ್ ಹೋಗಿ ಬರಲು ಹತ್ತು ಮೈಕ್ರೋಸೆಕೆಂಡು. ಆದರೆ ಮಷೀನು ಹೇಳುವುದು ಎಳೆಯ ಉದ್ದ. ಟ್ಯೂಬಿನೊಳಗೆ ಎಳೆ ಸುತ್ತಿಕೊಂಡು ಹೋಗಿರುತ್ತದೆ, ದಾರಿಯಲ್ಲಿ ಸುತ್ತಿಟ್ಟ ಕೇಬಲ್ಲೂ ಇರುತ್ತದೆ. 6.4 ಕಿ.ಮೀ. ಎಂದು ತೋರಿಸಿದರೆ ಬೈಕಿನ ಮೀಟರಿನಲ್ಲಿ ಅಷ್ಟು ಹೋಗುವ ಮೊದಲೇ ಹುಡುಕಲು ಶುರು ಮಾಡಿ. ಎಲ್ಲೆಲ್ಲಿ ಎಷ್ಟು ಸುತ್ತು ಇದೆ ಎಂದು ಬರೆದಿಟ್ಟವರಿಗೆ ಇದು ಅರ್ಧ ಗಂಟೆಯ ಕೆಲಸ, ಬರೆದಿಡದವರಿಗೆ ಮಳೆಯಲ್ಲಿ ಇಡೀ ದಿನದ್ದು.

ಎರಡು ಬೆಳಕಿನಲ್ಲಿ ಅಳೆಯಿರಿ. ಒಂದೇ ಜಾಗದಲ್ಲಿ 1310ಕ್ಕಿಂತ 1550ರಲ್ಲಿ ನಷ್ಟ ಹೆಚ್ಚು ಕಂಡರೆ ಕೇಬಲ್ ಬಾಗಿದೆ. ಎರಡರಲ್ಲೂ ಒಂದೇ ಆದರೆ ಜಾಯಿಂಟ್ ಕೆಟ್ಟಿದೆ. ಕೆಲವೊಮ್ಮೆ ಜಾಯಿಂಟಿನಲ್ಲಿ ನಷ್ಟದ ಬದಲು ಲಾಭ ತೋರಿಸುತ್ತದೆ. ಬೇರೆ ಬೇರೆ ಗುಣದ ಎರಡು ಎಳೆ ಸೇರಿದಲ್ಲಿ ಹೀಗಾಗುತ್ತದೆ, ಬೆಳಕು ಹೆಚ್ಚಾಗುವುದು ಸಾಧ್ಯವಿಲ್ಲ. ಎರಡೂ ತುದಿಯಿಂದ ಅಳೆದು ಸರಾಸರಿ ತೆಗೆದರೆ ನಿಜವಾದ ನಷ್ಟ ಸಿಗುತ್ತದೆ.

ಸಿಡಿಲಿಗೆ ಫೈಬರ್ ಸುರಕ್ಷಿತವೇ?

ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೆಲವು ವೈರುಗಳಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುತ್ತದೆ. ಮಲೆನಾಡಿನಲ್ಲಿ ಮನೆಗೆ ಬರುವ ಲೈನಿಗೆ ಉಕ್ಕಿಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯ ವೈರನ್ನೇ ಕೇಳಿ ಹಾಕಿಸಿಕೊಳ್ಳಿ. ಮೋಡೆಮಿನ ಅಡಾಪ್ಟರಿಗೆ ಕರೆಂಟ್ ಲೈನಿನಿಂದಲೇ ಸಿಡಿಲು ಬರಬಹುದು, ಗುಡುಗು ಶುರುವಾದರೆ ಕಿತ್ತಿಡಿ.

ಕರೆಂಟ್ ಹೋದರೆ ಹಳೇ ಲ್ಯಾಂಡ್‌ಲೈನ್ ನಡೆಯುತ್ತಿತ್ತು. ಇದೇಕೆ ನಿಲ್ಲುತ್ತದೆ?

ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಗಾಜಿನಲ್ಲಿ ಬೆಳಕು ಮಾತ್ರ ಬರುತ್ತದೆ. ಮೋಡೆಮಿಗೆ ಹೊಂದುವ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ.

ಎಳೆಯ ತುದಿ ನೋಡಿದರೆ ಕಣ್ಣಿಗೆ ತೊಂದರೆಯೇ?

ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣದು, ಇದೆಯೋ ಇಲ್ಲವೋ ಎಂದು ತಿಳಿಯಲು ಮೀಟರ್ ಇದೆ. ಅದಕ್ಕಿಂತ ಹೆಚ್ಚಾಗಿ ನಡೆಯುವ ಅನಾಹುತ ಗಾಜಿನ ಚೂರಿನದು. ಜಗಲಿಯಲ್ಲಿ ಕೂತು ಸ್ಪ್ಲೈಸ್ ಮಾಡಿ, ಚೂರುಗಳನ್ನು ಹಾಗೇ ಬಿಟ್ಟು ಹೋದರೆ ಅಂಬೆಗಾಲಿಡುವ ಮಗುವಿನ ಅಂಗೈಗೆ ಹೊಕ್ಕುತ್ತವೆ, ತೆಗೆಯುವುದು ಬಲು ಕಷ್ಟ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಮನೆಯವರೇ, ಮರೆತಿದ್ದರೆ ನೆನಪಿಸಿ.

ಅಳಿಲು, ಇಲಿ, ಮಂಗಗಳ ಕಾಟಕ್ಕೆ ಏನು ಮಾಡುವುದು?

ಪೈಪಿನ ಬಾಯಿ ಮುಚ್ಚಿ, ಇಲಿ ಒಳಗೆ ಹೋಗದು. ಮುಖ್ಯ ಕೇಬಲ್ ಹೂಳುವ ಕಡೆ ಉಕ್ಕಿನ ಪಟ್ಟಿ ಸುತ್ತಿದ್ದನ್ನು ಬಳಸಿ. ಮೇಲಿನ ವೈರಿಗೆ ಕೊಂಬೆ ತಾಗದಂತೆ ಮಳೆಗಾಲಕ್ಕೆ ಮೊದಲು ಸವರಿಸಿ. ಮಂಗ ಜೋತಾಡುವುದನ್ನು ತಡೆಯುವ ಉಪಾಯ ಯಾರ ಬಳಿಯೂ ಇದ್ದಂತಿಲ್ಲ. ಕಂಬದ ಹಿಡಿಕೆಗಳು ಗಟ್ಟಿಯಿದ್ದು ಪಕ್ಕದಲ್ಲಿ ಸುತ್ತು ಇದ್ದರೆ ರಿಪೇರಿ ಬೇಗ ಮುಗಿಯುತ್ತದೆ.

ಲೈನ್ ಹಾಕಿ ಹೋಗುವವರಿಂದ ನಾವು ಏನನ್ನು ಕೇಳಿ ಪಡೆಯಬೇಕು?

ಮನೆಗೆ ಬಂದ ಡಿಬಿಎಂ ಎಷ್ಟು ಎಂದು ನಿಮ್ಮೆದುರೇ ಅಳೆದು, ತಾರೀಕಿನ ಜೊತೆ ಗೋಡೆಯ ಬಾಕ್ಸಿನ ಒಳಮೈಯಲ್ಲಿ ಪೆನ್ನಿನಿಂದ ಬರೆಸಿ. ನಿಮ್ಮ ಮನೆಯ ಎಳೆ ಊರಿನ ಬಾಕ್ಸಿನಲ್ಲಿ ಯಾವ ಬಣ್ಣದ್ದು, ಸ್ಪ್ಲಿಟರಿನ ಎಷ್ಟನೇ ಕಾಲು ಎಂಬುದೂ ಅಲ್ಲೇ ಇರಲಿ. ಮುಂದಿನ ಸಲ ಬರುವವರು ಬೇರೆ ಹುಡುಗರಾಗಿರುತ್ತಾರೆ. ಅವರು ಮೊದಲು ಆ ಅಂಕಿಯನ್ನು ನೋಡಲಿ, ಆಮೇಲೆ ಮೀಟರ್ ಹಚ್ಚಲಿ. ಎರಡರ ನಡುವೆ 2 ಡಿಬಿಗಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ ಮೋಡೆಮ್ ಬದಲಿಸುವ ಮಾತು ಬೇಡ, ಲೈನ್ ಹುಡುಕಲು ಹೇಳಿ.